ಸ್ಪ್ಯಾನಿಷಿನ ‘ಹಬ್ಲಾರ್’: ಒಂದು ಕ್ರಿಯಾಪದದ ವಂಶವೃತ್ತಾಂತ

ಸ್ಪ್ಯಾನಿಷ್ ಭಾಷೆಯನ್ನು ಹೊಸದಾಗಿ ಅಭ್ಯಾಸಮಾಡಲು ತೊಡಗಿದ ವಿದ್ಯಾರ್ಥಿಯು ಮೊದಮೊದಲಲ್ಲಿಯೇ ಬಾಯಿಪಾಠ ಮಾಡುವ ಕ್ರಿಯಾಪದಗಳಲ್ಲಿ ‘ಹಬ್ಲಾರ್’ ಎಂಬುದೊಂದು. ‘ಮಾತನಾಡು’ ಎಂದು ಇದರ ಅರ್ಥ. ‘ಆರ್’ ಎಂದು ಮುಗಿಯುವ ಕ್ರಿಯಾಪದಗಳಿಗೆ ಮಾದರಿಯಾಗಿ ವ್ಯಾಕರಣ ಪುಸ್ತಕಗಳು ಬಹುಮಟ್ಟಿಗೆ ಇದರ ರೂಪಾವಳಿಯನ್ನೇ ಕೊಡುವುದು ವಾಡಿಕೆ. ಬರವಣಿಗೆಯಲ್ಲಿ ಮೊದಲಿಗೆ ಹಕಾರವಿದ್ದರೂ ಉಚ್ಚಾರಣೆಯಲ್ಲಿ ಅದು ಇಲ್ಲ. ಸ್ಪೇನ್ ದೇಶದವರ ಬಾಯಲ್ಲಿ ಈ ಶಬ್ದ ‘ಅಬ್ಲಾರ್’ ಎಂದೇ ಕೇಳಿಸುತ್ತದೆ. ನುಡಿಯದ ಅಕ್ಷರವನ್ನು ಬರೆಯುವುದೇಕೆ ಎಂಬ ಸಂದೇಹ ವಿದ್ಯಾರ್ಥಿಗೆ ಹುಟ್ಟುವುದು ಸಹಜ. ಈ ಸಣ್ಣ ಸಂದೇಹದ ಬೆನ್ನುಹತ್ತಿ ಹೋದರೆ ಎರಡು ಸಾವಿರ ವರ್ಷಗಳ ಒಂದು ದೀರ್ಘ ವೃತ್ತಾಂತವೇ ನಮ್ಮೆದುರಿಗೆ ತೆರೆದುಕೊಳ್ಳುತ್ತದೆ. ಮುಂದೆ ಬರುವ ಸ್ಪ್ಯಾನಿಷ್ ಶಬ್ದಗಳಲ್ಲಿ ಈ ಮೂಕ ಹಕಾರವನ್ನು, ಬರಹದಲ್ಲಿರುವಂತೆ, ನಾವು ಉಳಿಸಿಕೊಂಡಿದ್ದೇವೆ.

ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗೆ ಇಲ್ಲಿ ಮತ್ತೊಂದು ಊಹೆಯೂ ಸುಳಿಯಬಹುದು. ಬಾಯಿಗೆ ಬಂದಂತೆ ಮಾತನಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಬ್ಲ್ಯಾಬ್’ ಎಂಬ ಶಬ್ದವಿದೆ, ‘ಹಬ್ಲಾರ್’ ಎಂಬುದರ ನಡುವೆಯೂ ‘ಬ್ಲ’ ಇದೆ, ಅರ್ಥವೂ ಹತ್ತಿರದ್ದೇ. ಇವೆರಡೂ ಒಂದೇ ಮೂಲದವಲ್ಲವೆ? ಅಲ್ಲ. ‘ಬ್ಲ್ಯಾಬ್’ ಎಂಬುದು ತುಟಿಗಳ ಚಲನೆಯ ಅನುಕರಣದಿಂದ ಹುಟ್ಟಿದ ಶಬ್ದ. ಸ್ಪ್ಯಾನಿಷಿನ ಕ್ರಿಯಾಪದಕ್ಕೂ ಅದಕ್ಕೂ ಯಾವ ನೆಂಟೂ ಇಲ್ಲ. ಇದೇ ರೀತಿಯಲ್ಲಿ ಸ್ಪ್ಯಾನಿಷಿನ ‘ದೀಅ’ ಎಂಬುದಕ್ಕೂ ಇಂಗ್ಲಿಷಿನ ‘ಡೇ’ ಎಂಬುದಕ್ಕೂ, ಅರ್ಥ ಒಂದೇ ಆಗಿದ್ದರೂ, ಸಂಬಂಧವಿಲ್ಲ. ಲ್ಯಾಟಿನ್ನಿನ ‘ಹಬೇರೆ’ ಎಂಬುದೂ ಇಂಗ್ಲಿಷಿನ ‘ಹ್ಯಾವ್’ ಎಂಬುದೂ ಕಿವಿಗೆ ಅಣ್ಣತಮ್ಮಂದಿರಂತೆ ತೋರಿದರೂ ಬೇರೆ ಬೇರೆ ಮನೆಯವು. ‘ಹಬ್ಲಾರ್’ ಶಬ್ದಕ್ಕೆ ಇಂಗ್ಲಿಷಿನಲ್ಲಿ ನಿಜವಾದ ಜ್ಞಾತಿಗಳು ಹೇರಳವಾಗಿವೆ. ಆದರೆ ಕಿವಿ ತೋರಿಸುವ ಕಡೆ ಅವು ಸಿಕ್ಕುವುದಿಲ್ಲ. ಮಗು, ವಿಧಿ, ಕೀರ್ತಿ, ಪ್ರಾಧ್ಯಾಪಕ ಎಂಬ ಅರ್ಥದ ಶಬ್ದಗಳಲ್ಲಿ ಅಡಗಿ ಕುಳಿತಿವೆ.

ಮೊದಲು ಲ್ಯಾಟಿನ್ನಿನ ಸ್ಥಿತಿಯನ್ನು ನೋಡೋಣ. ಸಿಸೆರೊ, ಸೀಸರ್ ಮೊದಲಾದವರ ಗದ್ಯದಲ್ಲಿ ‘ಮಾತನಾಡು’ ಎಂಬ ಅರ್ಥಕ್ಕೆ ಬಳಕೆಯಾಗುವ ಶಬ್ದ ‘ಲೊಕ್ವೀ’. ಇದರಿಂದ ಬಂದ ಪಂಡಿತಶಬ್ದಗಳು ಇಂಗ್ಲಿಷಿನಲ್ಲಿ ಇಂದಿಗೂ ತುಂಬಿವೆ: ‘ಎಲೊಕ್ವೆಂಟ್’, ‘ಕೊಲೊಕ್ವಿಯಲ್’, ನಾಟಕದ ಸ್ವಗತಕ್ಕೆ ಹೇಳುವ ‘ಸೊಲಿಲೊಕ್ವಿ’. ಆಶ್ಚರ್ಯದ ಸಂಗತಿಯೆಂದರೆ, ಲ್ಯಾಟಿನ್ನಿನ ಮಕ್ಕಳಾದ ಭಾಷೆಗಳಲ್ಲಿ ಒಂದರಲ್ಲಿಯೂ ‘ಲೊಕ್ವೀ’ ಜನರ ಬಾಯಿಮಾತಾಗಿ ಉಳಿಯಲಿಲ್ಲ. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ತುಗೀಸ್, ರುಮೇನಿಯನ್ — ಎಲ್ಲಿ ಹುಡುಕಿದರೂ ಅದರ ಸುಳಿವಿಲ್ಲ. ರೋಮಿನ ವಾಗ್ಮಿಗಳು ದಿನಕ್ಕೆ ನೂರು ಬಾರಿ ನುಡಿಯುತ್ತಿದ್ದ ಶಬ್ದ ಮನೆಮನೆಗಳಿಂದ ಮಾಯವಾಗಿ ಗ್ರಂಥಗಳಲ್ಲಿ ಮಾತ್ರ ನಿಂತಿತು. ಇದಕ್ಕೆ ಮುಖ್ಯವಾದ ಕಾರಣ ಅದರ ರೂಪದ ತೊಡಕೇ ಎಂದು ಹೇಳಬಹುದು. ‘ಲೊಕ್ವೀ’ ಎಂಬುದು ಕರ್ಮಣಿಯ ವೇಷದಲ್ಲಿದ್ದು ಕರ್ತರಿಯ ಅರ್ಥವನ್ನು ಕೊಡುವ ಗುಂಪಿಗೆ ಸೇರಿದ್ದು. ಭೂತಕಾಲದಲ್ಲಿ ‘ಲೊಕೂತುಸ್’ ಎಂದು ರೂಪ ಬದಲಾಯಿಸುವಂಥದು. ಇಂತಹ ಕ್ರಿಯಾಪದಗಳನ್ನು ಪಾಠಶಾಲೆಯಲ್ಲಿ ಕಲಿತವರು ಸರಿಯಾಗಿ ನುಡಿದಾರು. ದಂಡಿನ ಸಿಪಾಯಿಗೂ ಸಂತೆಯ ವ್ಯಾಪಾರಿಗೂ ಅದು ಸುಲಭವಲ್ಲ. ನಿಯಮಬದ್ಧವಾಗಿ ಒಂದೇ ಅಚ್ಚಿನಲ್ಲಿ ರೂಪಗಳನ್ನು ಪಡೆಯುವ ಕ್ರಿಯಾಪದ ದೊರೆತೊಡನೆ ಜನ ಅದರ ಕಡೆಗೆ ತಿರುಗಿದರು.

ಸ್ಪೇನಿನಲ್ಲಿ ಅವರಿಗೆ ದೊರೆತದ್ದು ‘ಫಾಬುಲಾರೀ’. ಇದರ ಮೂಲ ‘ಫಾಬುಲ’ ಎಂಬ ನಾಮಪದ. ಮಾತು, ಸುದ್ದಿ, ಕಥೆ, ನಾಟಕ ಎಂಬ ಅರ್ಥಗಳೆಲ್ಲವೂ ಅದಕ್ಕಿದ್ದವು. ‘ಫಾಬುಲ’ ಎಂಬುದಾದರೂ ‘ಫಾ’ ಎಂಬ ಧಾತುವಿಗೆ ‘ಬುಲ’ ಎಂಬ ಪ್ರತ್ಯಯ ಸೇರಿ ಆದುದು. ಕುದುರೆ ಲಾಯಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸ್ಟೇಬಲ್’ ಎಂಬುದರ ಲ್ಯಾಟಿನ್ ಮೂಲವಾದ ‘ಸ್ತಾಬುಲುಮ್’, ‘ವೊಕ್ಯಾಬ್ಯುಲರಿ’ ಎಂಬುದರ ಮೂಲವಾದ ‘ವೊಕಾಬುಲುಮ್’ — ಇವುಗಳಲ್ಲಿಯೂ ಇದೇ ಪ್ರತ್ಯಯ ಕಾಣುತ್ತದೆ. ನಿಲ್ಲಲು ಸಾಧನವಾದದ್ದು ಲಾಯ, ಕರೆಯಲು ಸಾಧನವಾದದ್ದು ಹೆಸರು, ನುಡಿಯಲು ವಸ್ತುವಾದದ್ದು ಕಥೆ. ಈ ‘ಫಾ’ ಧಾತುವಿನ ನೇರವಾದ ಕ್ರಿಯಾಪದ ‘ಫಾರೀ’, ಎಂದರೆ ನುಡಿ. ಅಭಿಜಾತ ಲ್ಯಾಟಿನ್ನಿನ ಕಾಲಕ್ಕೇ ಅದು ಹಳೆಯದಾಗಿ, ಕೆಲವೇ ರೂಪಗಳಲ್ಲಿ, ಕವಿಗಳ ಕೃಪೆಯಿಂದ ಬದುಕಿತ್ತು. ಮುದುಕನಾದ ‘ಫಾರೀ’ ಮಕ್ಕಳುಮರಿಗಳನ್ನು ಯಥೇಚ್ಛವಾಗಿ ಬಿಟ್ಟುಹೋದ. ಅವರ ವಿಷಯ ಮುಂದೆ ಬರುತ್ತದೆ.

‘ಫಾಬುಲಾರೀ’ ಎಂಬುದಕ್ಕೆ ಮೊದಲಿನಿಂದಲೂ ಗಾಂಭೀರ್ಯ ಕಡಿಮೆ. ಕುಳಿತು ಹರಟುವುದು, ಮಾತುಕತೆಯಾಡುವುದು ಎಂಬ ಅರ್ಥ ಅದರದು. ಕ್ರಿ. ಪೂ. ೨೦೦ರ ಸುಮಾರಿನಲ್ಲಿದ್ದ ಪ್ಲಾಟಸ್ ಕವಿಯ ಪ್ರಹಸನಗಳಲ್ಲಿ ಪಾತ್ರಗಳು ಈ ಶಬ್ದವನ್ನು ಧಾರಾಳವಾಗಿ ಬಳಸುತ್ತವೆ. ಆರುನೂರು ವರ್ಷಗಳ ತರುವಾಯ, ಕ್ರಿ. ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿ, ಸಂತ ಜೆರೋಮ್ ಪರಿಷ್ಕರಿಸಿದ ಲ್ಯಾಟಿನ್ ಸುವಾರ್ತೆಯಲ್ಲಿಯೂ ಇದು ಬರುತ್ತದೆ: ಎಮ್ಮಾವು ಎಂಬ ಹಳ್ಳಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರು ದಾರಿಯಲ್ಲಿ ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತಿದ್ದ ಸಂದರ್ಭದಲ್ಲಿ. ಇವೆರಡರ ನಡುವಿನ ಕಾಲದ ಗಂಭೀರ ಸಾಹಿತ್ಯದಲ್ಲಿ ವಿರಳವಾಗಿದ್ದರೂ, ಆಡುಮಾತಿನಲ್ಲಿ ಶಬ್ದವು ಎಡೆಬಿಡದೆ ಹರಿದುಬಂದಿದ್ದಿತೆಂಬುದಕ್ಕೆ ಇದು ಸಾಕ್ಷಿ. ಹೀಗೆ ಹರಟೆಯ ಶಬ್ದವೊಂದು ಮೇಲೇರಿ ಮಾತಿನ ಸಾಮಾನ್ಯ ಶಬ್ದವಾಯಿತು. ಇದು ಸ್ಪೇನಿಗೆ ಮಾತ್ರ ವಿಶಿಷ್ಟವಾದ ಸಂಗತಿಯೇನಲ್ಲ. ಸಂಸ್ಕೃತದಲ್ಲಿ ‘ಕಥಾ’ ಎಂದರೆ ಸಂಭಾಷಣೆಯೂ ಹೌದು, ಕಥೆಯೂ ಹೌದು; ಅದರೊಡನೆ ಸೇರಿದ ‘ಕಥಯತಿ’ ಎಂಬ ಕ್ರಿಯಾಪದ ಪ್ರಾಕೃತದಲ್ಲಿ ‘ಕಹಇ’ ಎಂದಾಗಿ, ಇಂದು ಹಿಂದಿಯಲ್ಲಿ ‘ಹೇಳು’ ಎಂಬ ಸಾಮಾನ್ಯಾರ್ಥದ ‘ಕಹನಾ’ ಆಗಿ ನಿಂತಿದೆ. ದಿಲ್ಲಿಯ ಬೀದಿಯಲ್ಲಿ ‘ಕಹನಾ’ ಎನ್ನುವವನೂ ಮ್ಯಾಡ್ರಿಡ್ಡಿನ ಬೀದಿಯಲ್ಲಿ ‘ಹಬ್ಲಾರ್’ ಎನ್ನುವವನೂ ತಿಳಿಯದೆಯೇ ಕಥೆಯ ಶಬ್ದವನ್ನು ಮಾತಿಗೆ ಬಳಸುತ್ತಿದ್ದಾರೆ.

ಇನ್ನು ರೂಪದ ವಿಚಾರ. ‘ಫಾಬುಲಾರೀ’ ಎಂಬುದೂ ‘ಲೊಕ್ವೀ’ ಎಂಬುದರಂತೆ ಕರ್ಮಣಿಯ ವೇಷದ್ದೇ. ಆದರೆ ಆಡುಮಾತಿನಲ್ಲಿ ಅದು ಯಾವ ಕಷ್ಟವೂ ಇಲ್ಲದೆ ‘ಫಾಬುಲಾರೆ’ ಎಂಬ ಕರ್ತರಿಯ ಅಚ್ಚಿಗೆ ಹೊಂದಿಕೊಂಡಿತು. ತರುವಾಯ ನಡುವಿನ ಒತ್ತಿಲ್ಲದ ಉಕಾರ ಬಿದ್ದುಹೋಗಿ ‘ಫಬ್ಲಾರ್’ ಎಂದಾಯಿತು. ಇಂತಹ ಸ್ವರಲೋಪ ಸ್ಪ್ಯಾನಿಷಿನಲ್ಲಿ ಸರ್ವಸಾಮಾನ್ಯ: ಹಲಗೆ ಎಂಬರ್ಥದ ‘ತಾಬುಲ’ ಎಂಬುದು ‘ತಾಬ್ಲ’ ಆದುದೂ, ಮಂಜು ಎಂಬರ್ಥದ ‘ನೆಬುಲ’ ಎಂಬುದು ‘ನಿಯೆಬ್ಲ’ ಆದುದೂ ಹೀಗೆಯೇ. ಸಿದ್ ಎಂಬ ವೀರನನ್ನು ಕುರಿತ ಮಧ್ಯಯುಗದ ಕಾವ್ಯದಲ್ಲಿ ನಮ್ಮ ಶಬ್ದ ಫಕಾರದೊಡನೆಯೇ ಕಾಣುತ್ತದೆ. ಪೋರ್ತುಗೀಸಿನಲ್ಲಿ ಇಂದಿಗೂ ಅದು ‘ಫಲಾರ್’; ಅಲ್ಲಿ ಬಕಾರ ಹೋಯಿತು, ಫಕಾರ ಉಳಿಯಿತು. ಸ್ಪ್ಯಾನಿಷಿನಲ್ಲಿ ಅದಕ್ಕೆ ವಿರುದ್ಧವಾಗಿ ಬಕಾರ ಉಳಿದು ಫಕಾರ ಹೋಯಿತು.

ಈ ಫಕಾರದ ಕಥೆ ಸ್ಪ್ಯಾನಿಷ್ ಭಾಷಾಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಭಾಗಗಳಲ್ಲಿ ಒಂದು. ಕಾಸ್ಟೀಲ್ ಪ್ರಾಂತದ ಉತ್ತರದಲ್ಲಿ ಮೊದಲು ಕಾಣಿಸಿಕೊಂಡು, ಪದಾದಿಯ ಫಕಾರವು ಹಕಾರವಾಗಿ, ಕೊನೆಗೆ ಆ ಹಕಾರವೂ ಅಳಿಯಿತು. ‘ಫಿಲಿಯುಸ್’ ಎಂಬುದರಿಂದ ಮಗನೆಂಬ ಅರ್ಥದ ‘ಹಿಹೊ’, ‘ಫಾಕೆರೆ’ ಎಂಬುದರಿಂದ ಮಾಡು ಎಂಬ ಅರ್ಥದ ‘ಹಸೇರ್’, ‘ಫೊರ್ಮೋಸುಸ್’ ಎಂಬುದರಿಂದ ಸುಂದರ ಎಂಬ ಅರ್ಥದ ‘ಹೆರ್ಮೋಸೊ’ ಬಂದುವು. ಆಂತೋನಿಯೊ ದೆ ನೆಬ್ರಿಹ ೧೪೯೨ರಲ್ಲಿ ತನ್ನ ಕಾಸ್ಟೀಲಿಯನ್ ವ್ಯಾಕರಣವನ್ನು ಪ್ರಕಟಿಸಿದಾಗ ಬರವಣಿಗೆಯಲ್ಲಿ ಹಕಾರವಿತ್ತು. ಅದಕ್ಕೆ ತಕ್ಕ ಉಸಿರಿನ ಧ್ವನಿಯೂ ಬಾಯಲ್ಲಿತ್ತು. ಕವಿಗಳ ಛಂದಸ್ಸು ಇದಕ್ಕೆ ಒಳ್ಳೆಯ ಆಧಾರ. ೧೫೩೬ರಲ್ಲಿ ತೀರಿಕೊಂಡ ಗಾರ್ಸಿಲಾಸೊ ದೆ ಲ ವೇಗ ಎಂಬ ಕವಿ, ಹಿಂದಿನ ಪದದ ಕೊನೆಯ ಸ್ವರವನ್ನು ಇಂತಹ ಹಕಾರದ ಮುಂದೆ ಕೂಡಿಸಿ ಎಣಿಸುವುದಿಲ್ಲ; ಹಕಾರವನ್ನು ವ್ಯಂಜನವೆಂದೇ ಭಾವಿಸುತ್ತಾನೆ. ಮುಂದಿನ ಶತಮಾನದ ನಾಟಕಕಾರ ಕಾಲ್ದೆರೋನನ ಪದ್ಯಗಳಲ್ಲಿ ಆ ತಡೆ ಇಲ್ಲ. ಸ್ವರಕ್ಕೆ ಸ್ವರ ಸೇರಿಬಿಡುತ್ತದೆ. ನಡುವೆ ೧೫೬೧ರಲ್ಲಿ ಅರಸರ ಆಸ್ಥಾನ ಮ್ಯಾಡ್ರಿಡ್ಡಿಗೆ ಬಂದುದರಿಂದ ಹಕಾರವಿಲ್ಲದ ಉತ್ತರದವರ ಉಚ್ಚಾರಣೆಗೆ ಮನ್ನಣೆ ದೊರೆಯಿತೆಂದು ಹೇಳುವುದುಂಟು. ದಕ್ಷಿಣದ ಆಂದಲೂಸಿಯದ ಹಳ್ಳಿಗಳಲ್ಲಿ ಮಾತ್ರ ಉಸಿರು ಬಹುಕಾಲ ಉಳಿಯಿತು. ಅಲ್ಲಿಯ ಪ್ರಸಿದ್ಧವಾದ ‘ಕಾಂತೆ ಹೊಂದೊ’ ಎಂಬ ಗಾನಪದ್ಧತಿಯ ಹೆಸರಿನಲ್ಲಿರುವ ‘ಹೊಂದೊ’, ಆಳವಾದ ಎಂಬ ಅರ್ಥದ್ದು, ಇಂದಿಗೂ ಹಕಾರದೊಡನೆಯೇ ನುಡಿಯಲ್ಪಡುತ್ತದೆ; ಗ್ರಂಥಸ್ಥ ಭಾಷೆಯಲ್ಲಿ ಅದೇ ಶಬ್ದದ ಉಚ್ಚಾರಣೆ ‘ಒಂದೊ’.

ಹಳೆಯ ಫಕಾರ ಎಷ್ಟು ಬೇಗ ಪುರಾತನವೆನಿಸಿತೆಂಬುದಕ್ಕೆ ೧೬೦೫ರಲ್ಲಿ ಪ್ರಕಟವಾದ ಸೆರ್ವಾಂಟೆಸನ ‘ಡಾನ್ ಕ್ವಿಕ್ಸೋಟ್’ ಸಾಕ್ಷಿ. ವೀರಗಾಥೆಗಳನ್ನು ಓದಿ ಓದಿ ತಲೆಕೆಡಿಸಿಕೊಂಡ ನಾಯಕ ಆವೇಶ ಬಂದಾಗಲೆಲ್ಲ ‘ಹೆರ್ಮೋಸ’ ಎನ್ನುವ ಕಡೆ ‘ಫೆರ್ಮೋಸ’ ಎನ್ನುತ್ತಾನೆ. ಕೇಳಿದವರಿಗೆ ನಗು. ನಮ್ಮಲ್ಲಿ ಯಾರಾದರೂ ಹೋಟೆಲಿನಲ್ಲಿ ಕುಳಿತು ‘ಪಾಲ್ ತಾ’ ಎಂದರೆ ಹೇಗೋ ಹಾಗೆ.

ಈ ಹೋಲಿಕೆ ಕೇವಲ ವಿನೋದಕ್ಕೆ ಕೊಟ್ಟದ್ದಲ್ಲ. ಕನ್ನಡದಲ್ಲಿ ಹತ್ತನೆಯ ಶತಮಾನದ ಸುಮಾರಿನಿಂದ ಕಾಣತೊಡಗಿ ನಡುಗನ್ನಡದಲ್ಲಿ ನೆಲೆಗೊಂಡ ಪಕಾರ-ಹಕಾರ ವ್ಯತ್ಯಾಸವನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ‘ಪಾಲ್’ ಎಂಬುದು ‘ಹಾಲು’ ಆಯಿತು. ‘ಪೇೞ್’ ಎಂಬುದು ‘ಹೇಳು’ ಆಯಿತು. ಮಾತಿನ ಕ್ರಿಯಾಪದವೇ ಎರಡು ಭಾಷೆಗಳಲ್ಲಿಯೂ ತುಟಿಯ ಧ್ವನಿಯನ್ನು ಬಿಟ್ಟು ಉಸಿರಿನ ಧ್ವನಿಯನ್ನು ಹಿಡಿದುದು ಆಕಸ್ಮಿಕವಾದರೂ ಚೆಲುವಾದ ಸಂಗತಿ. ಇವೆರಡಕ್ಕೂ ನಂಟಿಲ್ಲವೆಂದು ಹೇಳಬೇಕಾಗಿಲ್ಲ. ಸಾಮ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ದಕ್ಷಿಣ ಕರ್ನಾಟಕದ ಗ್ರಾಮ್ಯದಲ್ಲಿ ‘ಹಾಲು’ ಎಂಬುದು ‘ಆಲು’ ಎಂದೂ, ‘ಹೋಗು’ ಎಂಬುದು ‘ಓಗು’ ಎಂದೂ ಆಗುವಾಗ ಸ್ಪ್ಯಾನಿಷ್ ನಡೆದ ಎರಡನೆಯ ಹೆಜ್ಜೆಯನ್ನೂ ಕನ್ನಡ ಇಟ್ಟಂತಾಯಿತು.

ಫಕಾರದ ಈ ವ್ಯತ್ಯಾಸಕ್ಕೆ ಕಾರಣವೇನು? ರಾಮೋನ್ ಮೆನೆಂದೆತ್ ಪಿದಾಲ್ ಎಂಬ ಮಹಾವಿದ್ವಾಂಸರು ೧೯೨೬ರಲ್ಲಿ ಪ್ರಕಟವಾದ ತಮ್ಮ ಸ್ಪ್ಯಾನಿಷಿನ ಉಗಮವನ್ನು ಕುರಿತ ಗ್ರಂಥದಲ್ಲಿ ಹಳೆಯ ದಾಖಲೆಗಳನ್ನು ಶೋಧಿಸಿ, ಇದು ಬಾಸ್ಕ್ ಭಾಷೆಯ ಪ್ರಭಾವವೆಂದು ವಾದಿಸಿದರು. ಬಾಸ್ಕ್ ಜನರ ಮೂಲಭಾಷೆಯಲ್ಲಿ ಫಕಾರವಿರಲಿಲ್ಲ. ಬೀಚ್ ಮರಕ್ಕೆ ಲ್ಯಾಟಿನ್ನಿನಲ್ಲಿ ಹೇಳುವ ‘ಫಾಗುಸ್’ ಎಂಬುದನ್ನು ಅವರು ‘ಪಾಗೊ’ ಎಂದೂ ‘ಬಾಗೊ’ ಎಂದೂ ಮಾಡಿಕೊಂಡರು. ವ್ಯತ್ಯಾಸ ಮೊದಲು ಕಾಣಿಸಿದ್ದು ಅವರ ನೆರೆಯ ಪ್ರಾಂತದಲ್ಲಿ. ಪಿರಿನೀಸ್ ಪರ್ವತದ ಆಚೆಗೆ, ಫ್ರಾನ್ಸಿನ ನೆಲದಲ್ಲಿರುವ ಗ್ಯಾಸ್ಕನ್ ಉಪಭಾಷೆಯಲ್ಲಿಯೂ ಇದೇ ಬದಲಾವಣೆ, ಸ್ಪ್ಯಾನಿಷಿಗಿಂತಲೂ ವ್ಯಾಪಕವಾಗಿ, ನಡೆದಿದೆ; ಅದೂ ಬಾಸ್ಕ್ ಜನರ ನೆರೆಯೇ. ವಾದ ಬಲವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲರೂ ಅದನ್ನು ಒಪ್ಪಿಲ್ಲ. ಬಾಸ್ಕ್ ಜನ ಫಕಾರವನ್ನು ನುಡಿಯಲಾರದವರಾಗಿದ್ದರೆ, ಬೆಂಕಿ ಎಂಬರ್ಥದ ‘ಫುವೆಗೊ’, ಹಣೆ ಎಂಬರ್ಥದ ‘ಫ್ರೆಂತೆ’ ಮುಂತಾದವುಗಳಲ್ಲಿ ಫಕಾರ ಉಳಿದದ್ದು ಹೇಗೆ ಎಂಬುದು ವಿರೋಧಿಗಳ ಪ್ರಶ್ನೆ. ವಕಾರದಂತಹ ತುಟಿಯ ಧ್ವನಿಯ ಮುಂದೆಯೂ ರೇಫದ ಮುಂದೆಯೂ ಅಳಿಯದೆ, ಮಿಕ್ಕ ಕಡೆ ಅಳಿಯುವುದು ಭಾಷೆಯೊಳಗಿನ ಸಹಜವಾದ ಸವೆತದ ಲಕ್ಷಣ. ಕನ್ನಡದಲ್ಲಿ ಪಕಾರ ಹಕಾರವಾಗಲು ಬಾಸ್ಕ್ ಜನರು ಬೇಕಾಗಲಿಲ್ಲವೆಂಬುದನ್ನು ನಾವು ಇಲ್ಲಿ ನೆನೆಯಬಹುದು. ತುಟಿಗಳು ಸಡಿಲವಾದರೆ ಉಳಿಯುವುದು ಉಸಿರು. ಅದು ಎಲ್ಲಿಯಾದರೂ ಆಗಬಹುದು. ಬದಲಾವಣೆಯ ಬೀಜ ಭಾಷೆಯಲ್ಲಿಯೇ ಇತ್ತು, ಅದು ಆ ಪ್ರಾಂತದಲ್ಲಿಯೇ ಮೊಳೆತು ಬೆಳೆಯುವುದಕ್ಕೆ ಬಾಸ್ಕ್ ನೆರೆಹೊರೆ ನೆರವಾಯಿತು ಎಂಬಷ್ಟು ಹೇಳುವುದು ನಮಗೆ ಯುಕ್ತವಾಗಿ ತೋರುತ್ತದೆ.

ಜನರ ಬಾಯಲ್ಲಿ ಹೀಗೆ ಸವೆದುಬಂದ ‘ಹಬ್ಲಾರ್’ ಒಂದು ಕಡೆ. ಪಂಡಿತರು ಲ್ಯಾಟಿನ್ ಗ್ರಂಥಗಳಿಂದ ಮತ್ತೆ ಎತ್ತಿ ತಂದ ‘ಫಾಬುಲ’ ಇನ್ನೊಂದು ಕಡೆ. ನೀತಿಕಥೆ ಎಂಬರ್ಥದ ಈ ಎರಡನೆಯ ಶಬ್ದದಲ್ಲಿ ಫಕಾರವೂ ನಡುವಿನ ಉಕಾರವೂ ಅಚ್ಚಳಿಯದೆ ಉಳಿದಿವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ತದ್ಭವ, ಒಂದು ತತ್ಸಮ. ‘ಹಬ್ಬ’ ಮತ್ತು ‘ಪರ್ವ’ ಇವುಗಳ ಸಂಬಂಧ ಎಂಥದೋ ‘ಹಬ್ಲಾರ್’ ಮತ್ತು ‘ಫಾಬುಲ’ ಇವುಗಳ ಸಂಬಂಧವೂ ಅಂಥದೇ. ಮನೆಯಲ್ಲಿ ಬೆಳೆದ ಶಬ್ದಕ್ಕೆ ಹಕಾರ, ಶಾಲೆಯಿಂದ ಬಂದ ಶಬ್ದಕ್ಕೆ ಹಳೆಯ ತುಟಿಯಕ್ಷರ. ಇಂಗ್ಲಿಷಿಗೂ ಸ್ಪ್ಯಾನಿಷಿಗೂ ನಡುವಣ ಬಾಂಧವ್ಯ ವಿದ್ಯಾರ್ಥಿಗೆ ಕಾಣದೆಹೋಗುವುದಕ್ಕೆ ಮುಖ್ಯ ಕಾರಣವೂ ಇದೇ. ಇಂಗ್ಲಿಷು ತನ್ನ ಲ್ಯಾಟಿನ್ ಶಬ್ದಗಳನ್ನು ಫ್ರೆಂಚಿನ ಮೂಲಕ ಇಲ್ಲವೆ ನೇರವಾಗಿ ಗ್ರಂಥಗಳಿಂದ ತೆಗೆದುಕೊಂಡಿತು. ಆ ಎರಡು ದಾರಿಗಳಲ್ಲಿಯೂ ಫಕಾರಕ್ಕೆ ಅಪಾಯವಿರಲಿಲ್ಲ.

೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯದ ಕಾಲದಲ್ಲಿ ಫ್ರೆಂಚಿನಿಂದ ‘ಫೇಬಲ್’ ಬಂದಿತು. ‘ಫ್ಯಾಬ್ಯುಲಸ್’ ಎಂದರೆ ಕಥೆಗಳಲ್ಲಿ ಮಾತ್ರ ಕೇಳಬಹುದಾದದ್ದು. ಈಗ ಅಂಗಡಿಯ ಸೀರೆಗೂ ಆ ವಿಶೇಷಣ ಸಲ್ಲುತ್ತದೆ. ‘ಕನ್‌ಫ್ಯಾಬ್ಯುಲೇಟ್’ ಎಂದರೆ ಕೂಡಿ ಹರಟುವುದು. ಮನೋವಿಜ್ಞಾನಿಗಳು ಅದನ್ನು ನೆನಪಿನ ಬಿರುಕುಗಳನ್ನು ಇಲ್ಲದ ಸಂಗತಿಗಳಿಂದ ತುಂಬುವ ರೋಗಿಯ ವರ್ತನೆಗೆ ಪಾರಿಭಾಷಿಕವಾಗಿ ಬಳಸುತ್ತಾರೆ. ಇವು ‘ಫಾಬುಲ’ ಎಂಬುದರ ಸಂತಾನ. ಅದರ ತಂದೆಯಾದ ‘ಫಾರೀ’ ಎಂಬುದರ ಸಂತಾನ ಇನ್ನೂ ವಿಸ್ತಾರವಾದದ್ದು. ಯಾರೊಡನೆ ಸುಲಭವಾಗಿ ಮಾತನಾಡಬಹುದೋ ಅವನು ‘ಆಫಬಲ್’. ಮಾತಿಗೆ ನಿಲುಕದ್ದು ‘ಇನೆಫಬಲ್’, ನಮ್ಮ ‘ಅನಿರ್ವಚನೀಯ’ ಎಂಬುದಕ್ಕೆ ಹೆಚ್ಚುಕಡಿಮೆ ಸಮನಾದದ್ದು. ಗ್ರಂಥಕ್ಕೆ ಮುಂಚೆ ನುಡಿಯುವುದು ‘ಪ್ರೆಫೇಸ್’. ಜನರ ನಾಲಗೆಯ ಮೇಲೆ ಓಡಾಡುವ ಸುದ್ದಿ ‘ಫಾಮ’. ಅದು ಇಂಗ್ಲಿಷಿನಲ್ಲಿ ‘ಫೇಮ್’ ಆಗಿ ಒಳ್ಳೆಯ ಹೆಸರಿಗೆ ಮೀಸಲಾಯಿತು. ಒಪ್ಪಿಕೊಂಡು ನುಡಿ ಎಂಬರ್ಥದ ‘ಫಾತೇರೀ’ ಇದೇ ಧಾತುವಿನದು. ಅದರಿಂದ ‘ಕನ್‌ಫೆಸ್’, ‘ಪ್ರೊಫೆಸ್’, ಕೊನೆಗೆ ‘ಪ್ರೊಫೆಸರ್’. ಹತ್ತು ಜನರ ಮುಂದೆ ಬಾಯಿಬಿಟ್ಟು ಹೇಳುವವನು ಎಂಬುದಷ್ಟೇ ಆ ಪದವಿಯ ಮೂಲಾರ್ಥ. ಹೇಳಿದ್ದು ನಿಜವಾಗಿರಬೇಕೆಂಬ ನಿಬಂಧನೆ ಧಾತುವಿನಲ್ಲಿ ಇಲ್ಲ.

‘ಇನ್‌ಫಂಟ್’ ಎಂಬ ಶಬ್ದ ಸ್ವಲ್ಪ ನಿಂತು ನೋಡಬೇಕಾದದ್ದು. ಲ್ಯಾಟಿನ್ನಿನ ‘ಇನ್‌ಫಾನ್ಸ್’ ಎಂದರೆ ನುಡಿಯದ್ದು, ಇನ್ನೂ ಮಾತು ಬಾರದ ಕೂಸು. ರೋಮನ್ ಧರ್ಮಶಾಸ್ತ್ರ ಈ ಅವಸ್ಥೆಯನ್ನು ಏಳು ವರ್ಷದವರೆಗೆ ಎಳೆಯಿತು. ಇಂಗ್ಲಿಷ್ ಕಾನೂನು ಮತ್ತೂ ಮುಂದುವರಿಸಿ ೨೧ ವರ್ಷ ತುಂಬದವರನ್ನೆಲ್ಲ ‘ಇನ್‌ಫಂಟ್’ ಎಂದು ಕರೆಯಿತು; ೧೯೬೯ರ ಶಾಸನ ಇದನ್ನು ೧೮ಕ್ಕೆ ಇಳಿಸಿತು. ಆ ಶಾಸನ ಬರುವವರೆಗೂ ಆಕ್ಸ್‌ಫರ್ಡಿನ ಚರ್ಚಾಕೂಟದಲ್ಲಿ ಗಂಟೆಗಟ್ಟಲೆ ಭಾಷಣ ಮಾಡುವ ಇಪ್ಪತ್ತರ ತರುಣನು ಕಾನೂನಿನ ದೃಷ್ಟಿಯಲ್ಲಿ ಮಾತು ಬಾರದವನು. ಸ್ಪೇನಿನಲ್ಲಿ ಈ ಶಬ್ದ ಮೇಲಕ್ಕೂ ಏರಿತು, ಕೆಳಕ್ಕೂ ಇಳಿಯಿತು. ಅಲ್ಲಿ ‘ಇನ್‌ಫಾಂತೆ’ ಎಂದರೆ ರಾಜಕುಮಾರ. ಅದೇ ಶಬ್ದ ಇಟಲಿಯಲ್ಲಿ ಹುಡುಗ, ಆಳು, ಕಾಲಾಳು ಎಂದು ಅರ್ಥ ಬದಲಾಯಿಸುತ್ತ ಹೋಗಿ, ‘ಇನ್‌ಫಂಟ್ರಿ’ ಎಂಬ ಪದಾತಿಸೈನ್ಯದ ಹೆಸರಿಗೆ ಮೂಲವಾಯಿತು. ಒಂದೇ ಮೂಕ ಶಿಶುವಿನಿಂದ ಸಿಂಹಾಸನದ ಪಕ್ಕದಲ್ಲಿ ನಿಲ್ಲುವವನೂ ರಣರಂಗದಲ್ಲಿ ಮೊದಲು ಬೀಳುವವನೂ ಹುಟ್ಟಿದರು.

ವಿಧಿಯ ಹೆಸರೂ ಈ ಮನೆಯದೇ. ‘ಫಾತುಮ್’ ಎಂದರೆ ನುಡಿಯಲ್ಪಟ್ಟದ್ದು, ದೇವತೆಗಳ ಬಾಯಿಂದ ಹೊರಟದ್ದು. ನಮ್ಮ ವಿಧಿ ಹಣೆಯ ಮೇಲೆ ಬರೆಯುತ್ತಾನೆ, ರೋಮನರದು ನುಡಿದುಬಿಡುತ್ತದೆ. ಬರಹವಾಗಲಿ ಮಾತಾಗಲಿ ಅಳಿಸಲಾಗದು ಎಂಬಲ್ಲಿ ಇಬ್ಬರೂ ಒಂದೇ. ಇದರಿಂದ ಇಂಗ್ಲಿಷಿಗೆ ‘ಫೇಟ್’, ಪೋರ್ತುಗೀಸಿಗೆ ಲಿಸ್ಬನ್ನಿನ ಶೋಕಗೀತೆಯ ಹೆಸರಾದ ‘ಫಾದು’, ಸ್ಪ್ಯಾನಿಷಿಗೆ ‘ಹಾದೊ’ ಬಂದುವು. ‘ಫಾತುಮ್’ ಎಂಬುದರ ಬಹುವಚನವಾದ ‘ಫಾತ’ ಎಂಬುದನ್ನು ಜನ ಸ್ತ್ರೀಲಿಂಗದ ಏಕವಚನವೆಂದು ಭ್ರಮಿಸಿ ಅದೃಷ್ಟದ ದೇವತೆಯನ್ನೇ ಕಲ್ಪಿಸಿಕೊಂಡರು. ಆಕೆ ಫ್ರೆಂಚಿನಲ್ಲಿ ‘ಫೇ’, ಸ್ಪ್ಯಾನಿಷಿನಲ್ಲಿ ‘ಹಾದ’. ಮಕ್ಕಳ ಕಥೆಗಳ ಇಂಗ್ಲಿಷ್ ‘ಫೇರಿ’ ಈ ಫ್ರೆಂಚ್ ದೇವತೆಯ ಪರಿವಾರದ್ದು. ವ್ಯಾಕರಣದ ಒಂದು ತಪ್ಪಿನಿಂದ ದೇವತೆಯೊಬ್ಬಳು ಹುಟ್ಟಿದ್ದು ಹೀಗೆ. ‘ಹಬ್ಲಾರ್’, ‘ಹಾದೊ’, ‘ಹಾದ’ ಈ ಮೂರರಲ್ಲಿಯೂ ಮೂಕವಾಗಿ ನಿಂತಿರುವ ಹಕಾರ ಒಂದೇ ಫಕಾರದ ಸಮಾಧಿಯ ಕಲ್ಲು.

ಲ್ಯಾಟಿನ್ನಿಗೂ ಹಿಂದಕ್ಕೆ ಹೋದರೆ ಬಳಗ ಇನ್ನೂ ದೊಡ್ಡದಾಗುತ್ತದೆ. ಲ್ಯಾಟಿನ್ನಿನ ಪದಾದಿ ಫಕಾರಕ್ಕೆ ಎದುರಾಗಿ ಸಂಸ್ಕೃತದಲ್ಲಿ ಭಕಾರವೂ ಇಂಗ್ಲಿಷಿನಲ್ಲಿ ಬಕಾರವೂ ಬರುವುದನ್ನು ‘ಫ್ರಾತೆರ್’, ‘ಭ್ರಾತೃ’, ‘ಬ್ರದರ್’ ಎಂಬ ಉದಾಹರಣೆಯಿಂದ ವಾಚಕರು ಬಲ್ಲರು. ಅದೇ ನಿಯಮದಂತೆ ‘ಫಾರೀ’ ಎಂಬುದಕ್ಕೆ ಇಂಗ್ಲಿಷಿನ ನಿಜವಾದ ದೇಶ್ಯ ಜ್ಞಾತಿ ‘ಬ್ಯಾನ್’. ನಿಷೇಧವೆಂಬುದು ಅದರ ಈಚಿನ ಅರ್ಥ. ಹಳೆಯದು ಸಾರುವುದು, ಡಂಗುರ ಹೊಡೆಯಿಸುವುದು. ಗ್ರೀಕಿನಲ್ಲಿ ಇದೇ ಧಾತುವಿನಿಂದ ಧ್ವನಿ ಎಂಬರ್ಥದ ‘ಫೋನೇ’ ಬಂದಿದೆ. ಅದು ‘ಟೆಲಿಫೋನ್’ ಎಂಬುದರಲ್ಲಿ ಸೇರಿ ಇಂದು ನಮ್ಮೆಲ್ಲರ ಜೇಬಿನಲ್ಲಿದೆ. ಸಂಸ್ಕೃತದ ‘ಭಣ್’ ಧಾತುವನ್ನೂ ವಿದ್ವಾಂಸರು ಈ ಬಳಗಕ್ಕೆ ಸೇರಿಸುತ್ತಾರೆ. ನಮ್ಮ ಪ್ರಾಚೀನ ಕವಿಗಳಿಗೆ ಪ್ರ��ಯವಾದ ‘ಭಣಿತೆ’ ಎಂಬ ಶಬ್ದ ಅಲ್ಲಿಂದ ಬಂದದ್ದು. ‘ಭಾಷೆ’ ಎಂಬುದನ್ನೂ ಸೇರಿಸಿಬಿಡೋಣವೆಂದು ಆಸೆಯಾಗುವುದು ಸಹಜ. ಆದರೆ ‘ಭಾಷ್’ ಧಾತುವಿನ ವಿಷಯದಲ್ಲಿ ಒಮ್ಮತವಿಲ್ಲದಿರುವುದರಿಂದ ನಾವು ಅದನ್ನು ಬಿಟ್ಟಿದ್ದೇವೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ‘ಲೊಕ್ವೀ’ ತೆರವುಮಾಡಿದ ಸ್ಥಾನಕ್ಕೆ ಸ್ಪೇನ್ ಮತ್ತು ಪೋರ್ತುಗಲ್ ದೇಶಗಳು ‘ಫಾಬುಲಾರೀ’ ಎಂಬುದನ್ನು ತಂದುವು. ಫ್ರಾನ್ಸ್, ಇಟಲಿಗಳು ಅದನ್ನೇ ಏಕೆ ತರಲಿಲ್ಲ? ಫ್ರೆಂಚಿನ ‘ಪಾರ್ಲೇ’, ಇಟಾಲಿಯನ್ನಿನ ‘ಪರ್ಲಾರೆ’, ಸ್ಪೇನಿನ ಮಗ್ಗುಲಲ್ಲಿಯೇ ಇರುವ ಕ್ಯಾಟಲನ್ನಿನ ‘ಪರ್ಲಾ’ — ಇವು ‘ಪರಾಬೊಲ’ ಎಂಬ ಬೇರೆ ಶಬ್ದದಿಂದ ಬಂದವು. ಅದು ಗ್ರೀಕಿನದು. ಪಕ್ಕದಲ್ಲಿ ಎಸೆಯುವುದು, ಪಕ್ಕದಲ್ಲಿಟ್ಟು ಹೋಲಿಸುವುದು ಎಂದು ಅದರ ಧಾತ್ವರ್ಥ. ಆದುದರಿಂದಲೇ ರೇಖಾಗಣಿತದ ವಕ್ರರೇಖೆಗೂ ಏಸುವಿನ ದೃಷ್ಟಾಂತಕಥೆಗೂ ಒಂದೇ ಹೆಸರು. ಕ್ರೈಸ್ತರ ಉಪದೇಶದ ಮೂಲಕ ಲ್ಯಾಟಿನ್ನಿನಲ್ಲಿ ಇದು ಹರಡಿ, ದೃಷ್ಟಾಂತವೆಂಬ ಅರ್ಥ ಸವೆದು ಬರಿಯ ‘ಮಾತು’ ಎಂದಾಯಿತು. ಲ್ಯಾಟಿನ್ನಿನಲ್ಲಿ ಮೊದಲೇ ಇದ್ದ ‘ವೆರ್ಬುಮ್’ ಎಂಬುದು ದೇವರ ವಾಕ್ಕಿಗೆ ಮೀಸಲಾದುದರಿಂದ ಸಾಮಾನ್ಯ ಮಾತಿಗೆ ಬೇರೆ ಶಬ್ದ ಬೇಕಾಯಿತೆಂಬ ವಿವರಣೆಯೂ ಉಂಟು. ಎರಡು ಕಡೆಯೂ ಕಥೆಯ ಶಬ್ದವೇ ಮಾತಿನ ಶಬ್ದವಾಯಿತೆಂಬುದನ್ನು ಗಮನಿಸಬೇಕು: ಒಂದು ಕಡೆ ಹರಟೆಯವರ ಕಥೆ, ಇನ್ನೊಂದು ಕಡೆ ಉಪದೇಶಕರ ಕಥೆ.

ರೋಮನರು ಸ್ಪೇನಿಗೆ ಕ್ರಿ. ಪೂ. ೨೧೮ರಲ್ಲಿಯೇ ಬಂದವರಾದ್ದರಿಂದ ಪ್ಲಾಟಸನ ಕಾಲದ ಹಳೆಯ ಲ್ಯಾಟಿನ್ ಅಲ್ಲಿ ಬೇರೂರಿತು, ‘ಫಾಬುಲಾರೀ’ ಅದರ ಅವಶೇಷ ಎಂದು ಅನೇಕರು ಹೇಳಿದ್ದಾರೆ. ಈ ವಾದ ಆಕರ್ಷಕವಾದರೂ ಸಾಲದು. ಸುಂದರ ಎಂಬರ್ಥಕ್ಕೆ ಸ್ಪೇನ್ ಉಳಿಸಿಕೊಂಡ ‘ಫೊರ್ಮೋಸುಸ್’ ಎಂಬುದನ್ನೇ ಕ್ರಿ. ಶ. ೧೦೬ರಲ್ಲಿ ಗೆಲ್ಲಲ್ಪಟ್ಟ ಡೇಸಿಯ, ಈಗಿನ ರುಮೇನಿಯ, ‘ಫ್ರುಮೋಸ್’ ಎಂದು ಉಳಿಸಿಕೊಂಡಿದೆ. ಅದಕ್ಕಿಂತ ಮೊದಲೇ ರೋಮಿನ ವಶವಾದ ಫ್ರಾನ್ಸಿನಲ್ಲಿ ಮಾತ್ರ ‘ಬೆಲ್ಲುಸ್’ ಎಂಬುದು ಗೆದ್ದಿದೆ. ಗೆದ್ದ ಕಾಲಕ್ಕಿಂತ ದೂರವೇ ಇಲ್ಲಿ ಮುಖ್ಯ. ಹೊಸ ಬಳಕೆ ನಡುವಿನ ನಾಡುಗಳಲ್ಲಿ ಹುಟ್ಟಿ ಸುತ್ತಲೂ ಹರಡುತ್ತದೆ, ಅಂಚಿನ ನಾಡುಗಳಿಗೆ ಮುಟ್ಟುವುದಿಲ್ಲ ಎಂಬ ಇಟಲಿಯ ಮಾತೇಯೊ ಬಾರ್ತೊಲಿಯ ಸೂತ್ರ ನಮ್ಮ ಶಬ್ದಕ್ಕೂ ಚೆನ್ನಾಗಿ ಹೊಂದುತ್ತದೆ. ಒಂಟಿಯಾಗಿ ಕಡಲ ನಡುವೆ ನಿಂತ ಸಾರ್ಡೀನಿಯ ದ್ವೀಪದಲ್ಲಿಯೂ ಮಾತಿನ ಕ್ರಿಯಾಪದ ‘ಫಾಬುಲ’ ಎಂಬುದರ ಬಳಗದ್ದೇ ಎಂಬುದು ಇದಕ್ಕೆ ಪೋಷಕ.

ಹಾಗೆಂದು ‘ಪರಾಬೊಲ’ ಸ್ಪೇನನ್ನು ಮುಟ್ಟಲೇ ಇಲ್ಲವೆಂದಲ್ಲ. ಕ್ರಿಯಾಪದವಾಗಿ ಬಾರದಿದ್ದರೂ ನಾಮಪದವಾಗಿ ಬಂದು, ರೇಫವೂ ಲಕಾರವೂ ಸ್ಥಾನ ಬದಲಾಯಿಸಿಕೊಂಡು, ಪದವೆಂಬ ಅರ್ಥದಲ್ಲಿ ‘ಪಲಾಬ್ರ’ ಆಯಿತು, ಪೋರ್ತುಗೀಸಿನಲ್ಲಿ ‘ಪಲಾವ್ರ’. ಇಂತಹ ವರ್ಣವಿಪರ್ಯಯ ಪವಾಡವೆಂಬ ಅರ್ಥದ ‘ಮಿರಾಕುಲುಮ್’ ಎಂಬುದು ‘ಮಿಲಾಗ್ರೊ’ ಆದಲ್ಲಿಯೂ ಇದೆ. ಆದ್ದರಿಂದ ಸ್ಪ್ಯಾನಿಷಿನವನು ‘ಪದಗಳನ್ನು ಮಾತನಾಡು’ವಾಗ ಒಂದು ಶಬ್ದ ಪ್ಲಾಟಸನ ರಂಗಸ್ಥಳದಿಂದ ಬಂದದ್ದು, ಇನ್ನೊಂದು ಇಗರ್ಜಿಯಿಂದ ಬಂದದ್ದು. ಇಂಗ್ಲಿಷಿಗೆ ಈ ಎರಡನೆಯ ವಂಶದಿಂದ ‘ಪ್ಯಾರಬಲ್’, ಮಠದಲ್ಲಿ ಮಾತನಾಡಲು ಬಿಟ್ಟ ಕೋಣೆಯಾದ ‘ಪಾರ್ಲರ್’, ಸೆರೆಯಾಳು ಕೊಟ್ಟ ಮಾತಾದ ‘ಪರೋಲ್’, ಮಾತಿನ ಮಹಾಸಭೆಯಾದ ‘ಪಾರ್ಲಿಮೆಂಟ್’ ದೊರೆತುವು.

ಇದೇ ವಂಶದ ಇನ್ನೊಂದು ಕುಡಿ ಇಂಗ್ಲಿಷಿಗೆ ಬಂದದ್ದು ಸಮುದ್ರದ ದಾರಿಯಿಂದ. ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಪೋರ್ತುಗೀಸ್ ವರ್ತಕರು ಅಲ್ಲಿಯ ಜನರೊಡನೆ ನಡಸುತ್ತಿದ್ದ ಮಾತುಕತೆಗೆ ‘ಪಲಾವ್ರ’ ಎನ್ನುತ್ತಿದ್ದರು. ಇಂಗ್ಲಿಷ್ ನಾವಿಕರು ಹದಿನೆಂಟನೆಯ ಶತಮಾನದಲ್ಲಿ ಅದನ್ನು ‘ಪಲಾವರ್’ ಎಂದು ಎತ್ತಿಕೊಂಡರು. ಕೆಲಸಕ್ಕೆ ಬಾರದ ಉದ್ದನೆಯ ಮಾತು ಎಂದು ಅದಕ್ಕೆ ಅರ್ಥ ಬಂದಿತು. ಪರರ ಮಾತು ಹೀಗೆ ಹರಟೆಯಾಗಿ ಕೇಳಿಸುವುದು ಇಂಗ್ಲಿಷರಿಗೆ ಮಾತ್ರವಲ್ಲ. ಹದಿನಾರನೆಯ ಶತಮಾನದಲ್ಲಿ ಫ್ರೆಂಚರು ನೆರೆಯವರ ‘ಹಬ್ಲಾರ್’ ಎಂಬ ಕ್ರಿಯಾಪದವನ್ನು ‘ಆಬ್ಲೇ’ ಎಂದು ಕಡ ತಂದರು, ಬಡಾಯಿ ಕೊಚ್ಚು ಎಂಬ ಅರ್ಥದಲ್ಲಿ; ಫ್ರೆಂಚ್ ನಿಘಂಟಿನಲ್ಲಿ ‘ಆಬ್ಲರ್’ ಎಂದರೆ ಇಂದಿಗೂ ಜಂಬಗಾರ. ಸ್ಪೇನಿನವರು ಪಿರಿನೀಸಿನ ಆಚೆಯಿಂದ ‘ಪರ್ಲಾರ್’ ಎಂಬುದನ್ನು ತಂದುಕೊಂಡರು. ಅವರಲ್ಲಿ ಅದರ ಅರ್ಥ ಒಂದೇ ಸಮನೆ ವಟಗುಟ್ಟು ಎಂದು. ಅದರಿಂದಲೇ ಅವರ ‘ಪರ್ಲಾಂಚೀನ್’, ಬಾಯಿಬಡುಕ.